ಹೋಪಿ ಸ್ತ್ರೀಯರ ಸುರುಳಿ ಬುಟ್ಟಿ

ಅಮೆರಿಕದ ಅರಿಜೋನಾ ಪ್ರಾಂತದ ಈಶಾನ್ಯ ಭಾಗದಲ್ಲಿ, ಮಳೆಯೇ ಅಪರೂಪವಾದ ಒಣನೆಲದ ನಡುವೆ, ನೆತ್ತಿ ಚಪ್ಪಟೆಯಾದ ಮೂರು ಬೆಟ್ಟಗಳಿವೆ. ಹೋಪಿ ಎಂಬ ಮೂಲನಿವಾಸಿಗಳು ಅಲ್ಲಿ ಮೆಕ್ಕೆಜೋಳ ಬೆಳೆದು ಶತಮಾನಗಳಿಂದ ಬಾಳಿದ್ದಾರೆ. ಎರಡನೆಯ ಬೆಟ್ಟದ ಶುಂಗೋಪವಿ ಮೊದಲಾದ ಹಳ್ಳಿಗಳು ಸುರುಳಿ ಬುಟ್ಟಿಗೆ ಹೆಸರಾದವು. ಮೂರನೆಯ ಬೆಟ್ಟದವರದು ಕಡ್ಡಿ ಹೆಣೆಯುವ ಬೇರೆಯೇ ಬಗೆ. ನಡುವಣ ದಾರಿ ಕೆಲವೇ ಮೈಲಿ. ಆದರೂ ಒಬ್ಬರ ವಿದ್ಯೆಗೆ ಮತ್ತೊಬ್ಬರು ಸಾಮಾನ್ಯವಾಗಿ ಕೈಹಾಕಲಿಲ್ಲ.

ಈ ಬುಟ್ಟಿಯನ್ನು ಹೆಣೆಯುವುದೆನ್ನುವುದಕ್ಕಿಂತ ಹೊಲಿಯುವುದೆಂದರೆ ಸರಿ. ಹುಲ್ಲಿನ ಕಡ್ಡಿಗಳ ಸಣ್ಣ ಕಟ್ಟೊಂದನ್ನು ನಡುವಿನಿಂದ ಸಿಂಬಿಯಂತೆ ಸುತ್ತುತ್ತ, ಹಿಂದಿನ ಸುತ್ತನ್ನು ದಬ್ಬಳದಿಂದ ಚುಚ್ಚಿ, ಸೀಳಿದ ಯುಕ್ಕಾ ಎಲೆಯ ಪಟ್ಟಿಯನ್ನು ಅದರಲ್ಲಿ ತೂರಿಸಿ ಬಿಗಿಯುವರು. ಯುಕ್ಕಾ ನಮ್ಮ ಕತ್ತಾಳೆಯನ್ನು ಹೋಲುವ ಗಿಡ. ಅದರ ಎಲೆಯೇ ಹಸಿರನ್ನೂ ಹಳದಿಯನ್ನೂ ಬಿಳುಪನ್ನೂ ಕೊಡುತ್ತದೆ. ಕಪ್ಪಿಗೆ ಸೂರ್ಯಕಾಂತಿ ಬೀಜದ ಬಣ್ಣ. ಅಗಲವಾದ ತಟ್ಟೆಯೊಂದು ಮುಗಿಯಲು ಅನೇಕ ವಾರಗಳು ಹಿಡಿಯುವುದುಂಟು.

ಇಷ್ಟು ಶ್ರಮ ಏತಕ್ಕೆಂದು ಕೇಳುವಿರಾ? ಹೋಪಿಗಳಲ್ಲಿ ಬಟ್ಟೆ ನೇಯುವುದು ಗಂಡಸರ ಕೆಲಸ. ವಿವಾಹದಲ್ಲಿ ವಧುವಿನ ಬಿಳಿಯ ಹತ್ತಿಯ ಉಡುಗೆಯನ್ನು ನೇಯ್ದು ಕೊಡುವವರು ವರನ ಕಡೆಯ ಗಂಡಸರು. ಆ ಋಣವನ್ನು ವಧುವಿನ ಮನೆಯ ಹೆಂಗಸರು ಬುಟ್ಟಿಗಳಿಂದಲೂ ಮೆಕ್ಕೆಜೋಳದ ಹಿಟ್ಟಿನಿಂದಲೂ ತೀರಿಸಬೇಕು. ಕೆಲವೊಮ್ಮೆ ಅದಕ್ಕೆ ವರ್ಷಗಳೇ ಬೇಕಾಗುತ್ತವೆ. ಸಾಲವೆಂದರೆ ಇಲ್ಲಿ ಎರಡು ಮನೆಗಳನ್ನು ಕಟ್ಟಿಹಾಕುವ ದಾರ.

ಈ ದಾರ ಕಡಿಯುವ ಕಾಲವೂ ಬಂದಿತ್ತು. 1887ರಲ್ಲಿ ಕೀಮ್ಸ್ ಕಣಿವೆಯಲ್ಲಿ ಸರ್ಕಾರದ ವಸತಿಶಾಲೆ ತೆರೆಯಿತು. ತಾಯಿಯ ಮಗ್ಗುಲಲ್ಲಿ ಕುಳಿತು ಕೈಕೆಲಸ ಕಲಿಯಬೇಕಾದ ವಯಸ್ಸಿನಲ್ಲಿ ಮಕ್ಕಳನ್ನು ಮನೆಯಿಂದ ಒಯ್ದರು. ಮಕ್ಕಳನ್ನು ಕಳುಹಿಸಲೊಲ್ಲದ ಪಕ್ಷದ ಹತ್ತೊಂಬತ್ತು ಮಂದಿ ಗಂಡಸರು 1895ರಲ್ಲಿ ಆಲ್ಕಟ್ರಾಸ್ ದ್ವೀಪದ ಸೆರೆಯಲ್ಲಿ ತಿಂಗಳುಗಟ್ಟಲೆ ಕಳೆದರು. ಇತ್ತ ರೈಲು ಬಂದು, ಲೋಹದ ಪಾತ್ರೆಗಳೂ ಪ್ರವಾಸಿಗಳ ಹಣವೂ ಹಳ್ಳಿಗಳನ್ನು ಮುಟ್ಟಿದವು.

ಆದರೂ ಬುಟ್ಟಿ ಉಳಿಯಿತು. ಉತ್ತರ ಅರಿಜೋನಾ ವಸ್ತುಸಂಗ್ರಹಾಲಯವು 1930ರಲ್ಲಿ ಹೋಪಿ ಕುಶಲಿಗರ ಪ್ರದರ್ಶನವನ್ನು ಆರಂಭಿಸಿ ಒಳ್ಳೆಯ ಬೆಲೆ ದೊರಕಿಸಲು ಯತ್ನಿಸಿದ್ದು ನಿಜ. ಆ ಉಪಕಾರ ದೊಡ್ಡದೇ. ಆದರೆ ಬೆಲೆ ಇಳಿದ ವರ್ಷದಲ್ಲೂ ಕೈ ನಿಲ್ಲದಿರಲು ಮದುವೆಯ ಋಣವೇ ಹೆಚ್ಚಿನ ಕಾರಣವೆಂದು ನಮಗೆ ತೋರುತ್ತದೆ. ಕೊಳ್ಳುವವನು ಬಾರದಿದ್ದರೂ ಬೀಗರ ಮನೆಗೆ ಸಲ್ಲಬೇಕಾದುದು ಸಲ್ಲಲೇಬೇಕಷ್ಟೆ!

ವರನಿಗೆ ಸಂದ ತಟ್ಟೆಯನ್ನು ಮಾರುವಂತಿಲ್ಲ. ಆತ ತೀರಿಕೊಂಡಾಗ ಅದನ್ನು ಆತನೊಡನೆ ಮಣ್ಣಿಗಿಡುವರು. ಪರಲೋಕದ ಪಯಣದಲ್ಲಿ ಅದೇ ಅವನನ್ನು ಹೊತ್ತೊಯ್ಯುವ ವಾಹನವೆಂದು ಅವರ ನಂಬಿಕೆ.