ಬಿಷಪ್ಪರ ಆಡಳಿತ, ಊರ ಸಭೆ: ಮಂಚೇನಹಳ್ಳಿ ಸೀಮೆಯ ಕ್ರೈಸ್ತ ಆರಾಧನೆಯ ಒಂದು ಅಧ್ಯಯನ

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿ ಮಂಚೇನಹಳ್ಳಿ ಇದೆ. ಈ ಸೀಮೆಯ ಪ್ರೊಟೆಸ್ಟೆಂಟ್ ಕ್ರೈಸ್ತರ ಮಾತು ಬಂದರೆ ಮೊದಲು ನೆನಪಾಗುವುದು ಚಿಕ್ಕಬಳ್ಳಾಪುರದ ಸಿ.ಎಸ್.ಐ. ಆಸ್ಪತ್ರೆ. ಲಂಡನ್ ಮಿಷನ್ನಿನವರು 1913ರಲ್ಲಿ ಅದನ್ನು ತೆರೆದು, ಬಳ್ಳಾರಿಯಲ್ಲಿ ಹುಟ್ಟಿ ಆ ಮಿಷನ್ನಿನ ಕಾರ್ಯದರ್ಶಿಯಾಗಿ ಬೆಳೆದ ವಾರ್ಡ್‌ಲಾ ಥಾಮ್ಸನ್ ಅವರ ಹೆಸರಿಟ್ಟರು. ಆಸ್ಪತ್ರೆಯ ಕೀರ್ತಿ ದೊಡ್ಡದು. ಅದರ ನೆರಳಿನಲ್ಲಿ ಬೆಳೆದ ಸಣ್ಣ ಸಭೆಗಳು ಭಾನುವಾರ ಹೇಗೆ ಕೂಡುತ್ತವೆ, ಯಾರ ಮಾತಿನಂತೆ ನಡೆಯುತ್ತವೆ ಎಂಬುದಕ್ಕೆ ಮಾತ್ರ ಅಷ್ಟು ಗಮನ ಸಿಕ್ಕಿಲ್ಲ. 1947ರಲ್ಲಿ ಬಿಷಪ್ ಆಡಳಿತಕ್ಕೆ ಬಂದ ಈ ಸಭೆಗಳು ತಮ್ಮ ಹಳೆಯ ಸ್ವಾಡಳಿತದ ರೂಢಿಯನ್ನು ಕಳೆದುಕೊಳ್ಳಲಿಲ್ಲ, ಎರಡನ್ನೂ ಆರಾಧನೆಯೊಳಗೇ ಹೊಂದಿಸಿಕೊಂಡವು ಎಂಬುದು ಈ ಲೇಖನದ ವಾದ.

1795ರಲ್ಲಿ ಹುಟ್ಟಿದ ಲಂಡನ್ ಮಿಷನ್ ಮರುವರ್ಷವೇ ಒಂದು ಮೂಲತತ್ವವನ್ನು ಒಪ್ಪಿಕೊಂಡಿತು. ಬಿಷಪ್ ಪದ್ಧತಿ, ಹಿರಿಯರ ಪದ್ಧತಿ, ಸ್ವತಂತ್ರ ಸಭಾ ಪದ್ಧತಿ, ಇವುಗಳಲ್ಲಿ ಯಾವುದನ್ನೂ ಮಿಷನ್ ಹೊರುವುದಿಲ್ಲ. ತಮಗೆ ಯಾವುದು ಸರಿ ಎಂದು ವಿಶ್ವಾಸಿಗಳೇ ತೀರ್ಮಾನಿಸಲಿ ಎಂಬುದು ಅದರ ಸಾರ. ಈ ಮಿಷನ್ 1810ರಲ್ಲಿ ಬಳ್ಳಾರಿಗೂ 1820ರಲ್ಲಿ ಬೆಂಗಳೂರಿಗೂ ಬಂತು. ಚಿಕ್ಕಬಳ್ಳಾಪುರದ ಕೆಲಸ ಅದರ ಮುಂದುವರಿಕೆ. ಬಂದ ಮಿಷನರಿಗಳಲ್ಲಿ ಬಹುಪಾಲು ಸ್ವತಂತ್ರ ಸಭೆಯವರಾದ್ದರಿಂದ ವಾಡಿಕೆಯಲ್ಲಿ ಆ ಪದ್ಧತಿಯೇ ನೆಲೆಯೂರಿತು. 1908ರಲ್ಲಿ ಈ ಸಭೆಗಳು ದಕ್ಷಿಣ ಭಾರತ ಸಂಯುಕ್ತ ಸಭೆಯನ್ನು ಸೇರಿದವು. ಅಲ್ಲಿಯೂ ಬಿಷಪ್ ಇರಲಿಲ್ಲ.

1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥೋಡಿಸ್ಟ್ ಮತ್ತು ಸಂಯುಕ್ತ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) ಆದವು. ಮೈಸೂರು ಸಭಾಪ್ರಾಂತಕ್ಕೆ ಪಿ. ಗುರುಶಾಂತ ಮೊದಲ ಬಿಷಪ್ ಆದರು. 1970ರಲ್ಲಿ ಅದು ಮೂರು ಸಭಾಪ್ರಾಂತಗಳಾಗಿ ಒಡೆದಾಗ ಈ ಸೀಮೆ ಬೆಂಗಳೂರು ಕೇಂದ್ರವಾದ ಕರ್ನಾಟಕ ಮಧ್ಯ ಸಭಾಪ್ರಾಂತದಲ್ಲಿ ಉಳಿಯಿತು. ಐಕ್ಯದ ಒಪ್ಪಂದದಲ್ಲಿದ್ದ ಒಂದು ವಾಗ್ದಾನ ಸಣ್ಣ ಸಭೆಗಳಿಗೆ ಬಹಳ ಮುಖ್ಯ: ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ಒಗ್ಗದ ಆರಾಧನಾ ಕ್ರಮವನ್ನಾಗಲಿ ಸೇವಕರನ್ನಾಗಲಿ ಹೇರುವುದಿಲ್ಲ. 1796ರ ತತ್ವವೇ ಇಲ್ಲಿ ಬೇರೆ ರೂಪದಲ್ಲಿ ಕಾಣುತ್ತದೆ. ಬಿಷಪ್ಪರ ಆಯ್ಕೆಯೂ ಮೇಲಿನಿಂದಷ್ಟೇ ಬರುವುದಲ್ಲ. ಸಭಾಪಾಲಕರೂ ಸಾಮಾನ್ಯ ಸದಸ್ಯರೂ ಕೂಡಿದ ಪರಿಷತ್ತು ಹೆಸರುಗಳನ್ನು ಆರಿಸಿ ಕಳಿಸುತ್ತದೆ, ಇಡೀ ದಕ್ಷಿಣ ಭಾರತ ಸಭೆಯ ಆಡಳಿತ ಮಂಡಳಿಯಾದ ಸಿನೊಡ್ ಅವರಲ್ಲಿ ಒಬ್ಬರನ್ನು ನೇಮಿಸುತ್ತದೆ. ಪಕ್ಕದ ಕೋಲಾರದ ದಾರಿ ಬೇರೆ. 1876–78ರ ಬರಗಾಲದಲ್ಲಿ ಮಿಸ್ ಆನ್‌ಸ್ಟಿ ಅನಾಥ ಮಕ್ಕಳಿಗಾಗಿ ಕಟ್ಟಿದ ಮಿಷನ್ 1890ರಲ್ಲಿ ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಸಭೆಯ ಕೈ ಸೇರಿತು. ಅವರಿಗೂ ಬಿಷಪ್ ಇದ್ದರು, ಆದರೂ 1947ರ ಐಕ್ಯಕ್ಕೆ ಅವರು ಬರಲಿಲ್ಲ. ಹೀಗೆ ಹಳೆಯ ಕೋಲಾರ ಜಿಲ್ಲೆಯೊಂದರಲ್ಲೇ ಎರಡು ಬಗೆಯ ಬಿಷಪ್ ಪರಂಪರೆಗಳಿವೆ. ಅವೆರಡರ ತೌಲನಿಕ ಅಧ್ಯಯನ ಆಗಬೇಕಾದ ಕೆಲಸ.

ಆರಾಧನೆಗೆ ಬರೋಣ. ದಕ್ಷಿಣ ಭಾರತ ಸಭೆ 1950ರಲ್ಲಿ ಹೊರತಂದ ಕರ್ತನ ಭೋಜನದ ಕ್ರಮದಲ್ಲಿ ಸಭಾಪಾಲಕರು ಮೇಜಿನ ಹಿಂದೆ ಜನರಿಗೆ ಮುಖ ಮಾಡಿ ನಿಲ್ಲುತ್ತಾರೆ. ಕೇರಳದ ಸುರಿಯಾನಿ ಕ್ರೈಸ್ತರಿಂದ ಪಡೆದ ಸಮಾಧಾನದ ವಿನಿಮಯವೂ ಅದರಲ್ಲಿದೆ: ಒಬ್ಬರ ಅಂಗೈ ಇನ್ನೊಬ್ಬರ ಅಂಗೈಗೆ ತಾಗಿ, ಸಾಲಿನಿಂದ ಸಾಲಿಗೆ ಸಾಗುತ್ತದೆ. ದೊಡ್ಡ ಪಟ್ಟಣದ ಚರ್ಚಿನಲ್ಲಿ ಇದು ಒಂದು ವಿಧಿಯಾಗಿ ಮುಗಿಯಬಹುದು. ಮುಟ್ಟು-ಮೈಲಿಗೆಯ ಲೆಕ್ಕದಲ್ಲಿ ಕೇರಿಗಳೇ ಬೇರೆಯಾದ ಹಳ್ಳಿಯಲ್ಲಿ ಹಾಗಲ್ಲ. ಹೋಟೆಲಿನಲ್ಲಿ ಬೇರೆ ಲೋಟ ಕಂಡವರ ಮನೆಯ ಮಕ್ಕಳು ಇಲ್ಲಿ ಒಂದೇ ರೊಟ್ಟಿಯ ತುಂಡನ್ನು ಹಂಚಿಕೊಳ್ಳುತ್ತಾರೆ, ಕೈಗೆ ಕೈ ತಾಗಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಕ್ರಮದ ಅತ್ಯಂತ ಆಳವಾದ ಅರ್ಥ ಹೊರಬಿದ್ದಿರುವುದು ಇಂಥ ಊರುಗಳಲ್ಲೇ. ಸಭೆಯೊಳಗೂ ಜಾತಿಯ ನೆನಪು ಪೂರ್ತಿ ಅಳಿದಿಲ್ಲ, ಮದುವೆಯ ಮಾತುಕತೆಯಲ್ಲಿ ಅದು ತಲೆಯೆತ್ತುತ್ತದೆ. ಆದುದರಿಂದಲೇ ಆ ಸ್ಪರ್ಶ ಮತ್ತೆ ಮತ್ತೆ ನಡೆಯಬೇಕಾಗಿದೆ.

ಮುದ್ರಿತ ಕ್ರಮದ ನಡುವೆ ಪುಸ್ತಕವಿಲ್ಲದ ಪ್ರಾರ್ಥನೆಗೂ ಜಾಗವಿದೆ, ಸ್ವತಂತ್ರ ಸಭೆಯ ಬಳುವಳಿ ಅದು. ಮಳೆ, ಬತ್ತಿದ ಬೋರ್‌ವೆಲ್, ಮಗಳ ಪರೀಕ್ಷೆ, ಆಸ್ಪತ್ರೆ ಸೇರಿದ ನೆರೆಮನೆಯವರು, ಎಲ್ಲವೂ ಅಲ್ಲಿ ಬರುತ್ತವೆ. ಸೀಮೆಯ ಅನೇಕ ಮನೆಗಳ ಮಾತು ತೆಲುಗು, ಓದುವ ಸತ್ಯವೇದ ಕನ್ನಡದ್ದು. ಓದು ಮುಗಿಸಿ ಕಣ್ಣು ಮುಚ್ಚಿದಾಗ ಮನೆಯ ಮಾತು ತಾನಾಗಿ ನಾಲಗೆಗೆ ಬರುತ್ತದೆ.

ಒಬ್ಬ ಸಭಾಪಾಲಕರಿಗೆ ಹಲವು ಊರುಗಳ ಹೊಣೆ ಬೀಳುವುದು ಗ್ರಾಮೀಣ ಸಭೆಗಳಲ್ಲಿ ಸಾಮಾನ್ಯ. ಅವರು ಬಾರದ ಭಾನುವಾರ ಉಪದೇಶಿಯೋ ಹಿರಿಯರೋ ಆರಾಧನೆ ನಡೆಸುತ್ತಾರೆ, ವಾರದ ಮನೆ ಪ್ರಾರ್ಥನೆಯನ್ನು ಹೆಂಗಸರು ಹೊತ್ತು ನಡೆಸುತ್ತಾರೆ. ಕರ್ತನ ಭೋಜನಕ್ಕೆ ಮಾತ್ರ ಅಭಿಷಿಕ್ತ ಸಭಾಪಾಲಕರು ಬೇಕು. ದೃಢೀಕರಣಕ್ಕೆ ಸಾಮಾನ್ಯವಾಗಿ ಬಿಷಪ್ಪರೇ ಬರುತ್ತಾರೆ. ಹುಡುಗ ಹುಡುಗಿಯರ ತಲೆಯ ಮೇಲೆ ಅವರು ಕೈಯಿಡುವಾಗ ಕೆಲವೇ ಮನೆಗಳ ಸಭೆ ಬೆಂಗಳೂರಿಗೂ ಚೆನ್ನೈಗೂ ಹೊರಜಗತ್ತಿಗೂ ಹೊಂದಿಕೊಂಡಿರುವುದು ಎಲ್ಲರಿಗೂ ಕಾಣುತ್ತದೆ. ಬಿಷಪ್ ಪದವಿಯ ಬೆಲೆ ಇಲ್ಲಿ ಅಧಿಕಾರಕ್ಕಿಂತ ಈ ನಂಟಿನಲ್ಲಿದೆ.

ಸುಗ್ಗಿ ಹಬ್ಬದಲ್ಲಿ ಊರ ಸಭೆಯ ಕೈ ಮೇಲಾಗುತ್ತದೆ. ರಾಗಿ, ಅವರೆ, ಕಡಲೆಕಾಯಿ, ಕೋಳಿ, ಮೊಟ್ಟೆ ಕಾಣಿಕೆಯಾಗಿ ಬಂದು ಹರಾಜಾಗುತ್ತವೆ. ಒಂದು ಕುಂಬಳಕಾಯಿಯನ್ನು ಸಂತೆಯ ಬೆಲೆಗಿಂತ ಹೆಚ್ಚಿಗೆ ಕೂಗಿಕೊಂಡು, ಮತ್ತೆ ಸಭೆಗೇ ಕೊಡುವವರೂ ಇರುತ್ತಾರೆ. ಬಂದ ಹಣ, ಅದರ ಖರ್ಚು, ಯಾರ ಮನೆಯ ಸಾವಿಗೆ ಎಷ್ಟು ನೆರವು ಎಂಬುದೆಲ್ಲ ಸಭೆಯ ಲೆಕ್ಕಪುಸ್ತಕಕ್ಕೆ ಸೇರುತ್ತದೆ. ಮಿಷನ್ನಿನ ವರದಿಗಳು ಲಂಡನ್ನಿನ ಪತ್ರಾಗಾರದಲ್ಲಿ ಭದ್ರವಾಗಿವೆ, ಅವುಗಳಲ್ಲಿ ಮಿಷನರಿಯ ಕಣ್ಣಿದೆ. ದೀಕ್ಷಾಸ್ನಾನ, ಮದುವೆ, ಸಮಾಧಿಗಳ ದಾಖಲೆಪುಸ್ತಕಗಳೂ ಹರಾಜಿನ ಲೆಕ್ಕಗಳೂ ಗೆದ್ದಲು ಹಿಡಿಯುವ ಮುನ್ನ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಂಥ ಕಡೆ ಪ್ರತಿಯಾಗಿ ಉಳಿಯಬೇಕು. ಬಿಷಪ್ಪರ ಸಭೆಯನ್ನು ಊರು ಹೇಗೆ ತನ್ನದಾಗಿಸಿಕೊಂಡಿತು ಎಂಬುದಕ್ಕೆ ಊರಿನವರ ಕೈಬರಹದ ಸಾಕ್ಷಿ ಇರುವುದು ಆ ಪುಸ್ತಕಗಳಲ್ಲಿ.