ಸಿಖ್ಖ ಧರ್ಮವೂ ಕನ್ನಡನಾಡಿನ ಬೀದರವೂ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯಿಂದ ಬಸವಕಲ್ಯಾಣದ ಯಾತ್ರೆಗೆ ಹೋಗುವ ಶ್ರೀಮಠದ ಸದ್ಭಕ್ತರಲ್ಲಿ ಕೆಲವರು ಬೀದರಕ್ಕೂ ಹೋಗಿ ಅಲ್ಲಿಯ ನಾನಕ ಝೀರಾ ಗುರುದ್ವಾರವನ್ನು ನೋಡಿ ಬರುವರು. ಮರಳಿದ ಮೇಲೆ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಈ ಜನರ ದೇವರಾವನು? ಕೂದಲನ್ನೇಕೆ ಕತ್ತರಿಸರು? ಇವರ ಗುರುಪೀಠವೆಲ್ಲಿ? ಇವಕ್ಕೆಲ್ಲ “ಅವರೂ ನಮ್ಮಂತೆಯೇ” ಎಂದು ಒಂದೇ ಮಾತಿನಲ್ಲಿ ಉತ್ತರಿಸಿಬಿಡುವ ರೂಢಿಯುಂಟು. ಅದು ಅರ್ಧಸತ್ಯವು. ಉಳಿದರ್ಧವನ್ನರಿಯದೆ ಅವರ ಧರ್ಮವೂ ತಿಳಿಯದು, ನಮ್ಮದರ ವಿಶೇಷವೂ ಮನದಟ್ಟಾಗದು.

ಗುರು ನಾನಕರು ೧೪೬೯ರಲ್ಲಿ ಪಂಜಾಬದ ತಲವಂಡಿಯಲ್ಲಿ ಜನಿಸಿ ೧೫೩೯ರಲ್ಲಿ ಕರ್ತಾರಪುರದಲ್ಲಿ ದೇಹವಿಟ್ಟರು. ಬಸವಣ್ಣನವರಿಗೂ ಅವರಿಗೂ ಮೂರು ಶತಮಾನಗಳ ಅಂತರ. ದಕ್ಷಿಣಯಾತ್ರೆಯಲ್ಲಿ ಬೀದರಕ್ಕೆ ಬಂದಾಗ, ಜನರು ಸಿಹಿನೀರಿಲ್ಲದೆ ಬಳಲುವದನ್ನು ಕಂಡು ಅವರು ಕಾಲಿನಿಂದ ಕಲ್ಲೊಂದನ್ನು ಸರಿಸಲು ಝರಿಯು ಹರಿಯಿತೆಂದು ಪರಂಪರೆಯು ಹೇಳುವದು. ಬೀದರವಿರುವದು ಜಂಬಿಟ್ಟಿಗೆ ಕಲ್ಲಿನ ಎತ್ತರದ ನೆಲದ ಮೇಲೆ. ಮಳೆನೀರನ್ನು ಹೀರಿಕೊಂಡು ಅಂಚಿನಲ್ಲಿ ಊಟೆಯಾಗಿ ಬಿಡುವದು ಆ ಕಲ್ಲಿನ ಗುಣವು. ನರಸಿಂಹ ಝರಣಿಯೂ ಅಲ್ಲಿಯೇ ಇದೆ. ಭೂಗರ್ಭಶಾಸ್ತ್ರವು ಇಷ್ಟು ಹೇಳಿದ ಮಾತ್ರಕ್ಕೆ ಭಕ್ತರ ನಂಬುಗೆಯು ಕುಂದಬೇಕಾದುದಿಲ್ಲ.

ದೇವರು ಒಬ್ಬನೇ, ನಿರಾಕಾರನು, ಆತನಿಗೆ ಮೂರ್ತಿಯಿಲ್ಲ ಎಂಬುದು ನಾನಕರ ಬೋಧೆ. ನಾಮಸ್ಮರಣೆ ಮಾಡು, ಪ್ರಾಮಾಣಿಕವಾಗಿ ದುಡಿ, ಹಂಚಿಕೊಂಡು ಉಣ್ಣು ಎಂಬ ಮೂರು ವಿಧಿಗಳನ್ನು ಅವರ ಅನುಯಾಯಿಗಳು ಮುಖ್ಯವೆಂದೆಣಿಸುವರು. ಕಾಯಕ ದಾಸೋಹಗಳ ಮಾತು ಕೇಳಿ ಬೆಳೆದ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗುರುದ್ವಾರದ ಲಂಗರದಲ್ಲಿ ಬಂದವರೆಲ್ಲರೂ ಒಂದೇ ಸಾಲಿನಲ್ಲಿ ನೆಲದ ಮೇಲೆ ಕುಳಿತು ಶಾಕಾಹಾರವನ್ನು ಉಣ್ಣುವರು.

ಆದರೆ ಗುರುತತ್ತ್ವದಲ್ಲಿ ದಾರಿಗಳು ಬೇರೆಯಾಗುವವು. ಐದನೆಯ ಗುರು ಅರ್ಜುನರು ೧೬೦೪ರಲ್ಲಿ ಗ್ರಂಥವನ್ನು ಸಂಕಲಿಸಿದರು. ಅದರಲ್ಲಿ ಕಬೀರ, ರವಿದಾಸ, ಶೇಖ ಫರೀದರ ವಾಣಿಗಳೂ, ನಮ್ಮ ನೆರೆಯ ಮರಾಠಿ ಸಂತ ನಾಮದೇವರ ವಾಣಿಯೂ ಸೇರಿವೆ. ಹತ್ತನೆಯವರಾದ ಗೋವಿಂದಸಿಂಹರು ೧೭೦೮ರಲ್ಲಿ ನಾಂದೇಡದಲ್ಲಿ ದೇಹವಿಡುವ ಮುನ್ನ, ಇನ್ನು ಈ ಗ್ರಂಥವೇ ಗುರುವೆಂದು ಸಾರಿದರು. ಅಲ್ಲಿಗೆ ಮಾನವಗುರುಗಳ ಪರಂಪರೆಯು ನಿಂತಿತು. ನಮ್ಮಲ್ಲಿಯಾದರೋ ಗುರುವು ಎದುರಿನಲ್ಲಿದ್ದು ಶಿಷ್ಯನ ಕರಸ್ಥಲಕ್ಕೆ ಇಷ್ಟಲಿಂಗವನ್ನು ಕರುಣಿಸುವನು. ಮಠದ ಪರಂಪರೆಯು ನಡೆದುಬರುವದೂ ಇದರಿಂದಲೇ. ನಮ್ಮ ಕೂಸಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಲಿಂಗಧಾರಣವಾಗುವದು. ಅವರ ಅಮೃತದೀಕ್ಷೆಯು ತಿಳಿವಳಿಕೆ ಬಂದ ಮೇಲಿನದು. ಅವರು ಶವವನ್ನು ದಹಿಸುವರು, ನಾವು ಸಮಾಧಿ ಮಾಡುವೆವು.

ದೀಕ್ಷೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ವಿವರವಾಗಿ ಹೇಳಬೇಕು. ಮೊದಲು ಸಿಖ್ಖರಲ್ಲಿಯೂ ಗುರುವಿನ ಪಾದೋದಕವನ್ನು ಸೇವಿಸಿಯೇ ಶಿಷ್ಯನಾಗುವ ಪದ್ಧತಿಯಿತ್ತು. ೧೬೯೯ರ ವೈಶಾಖಿಯ ದಿನ ಆನಂದಪುರದಲ್ಲಿ ನೆರೆದ ಜನಸ್ತೋಮದೆದುರು ಗೋವಿಂದಸಿಂಹರು ಖಡ್ಗ ಹಿರಿದು, ತಲೆ ಕೊಡುವವರಾರೆಂದು ಕೇಳಿದರು. ಒಬ್ಬೊಬ್ಬರಾಗಿ ಐವರು ಎದ್ದರು. ಅವರಲ್ಲಿ ಕ್ಷೌರಿಕ ವೃತ್ತಿಯ ಕುಲದ ಒಬ್ಬನು ನಮ್ಮ ಬೀದರದವನೆಂದು ಸಿಖ್ಖ ಪರಂಪರೆಯು ಹೇಳುವದು. ಆತನೇ ಭಾಯಿ ಸಾಹಿಬಸಿಂಹ. ಗುರುಗಳು ನೀರಿನಲ್ಲಿ ಸಕ್ಕರೆ ಬೆರೆಸಿ, ಖಡ್ಗದಿಂದ ಕದಡಿ, ಐವರಿಗೂ ಒಂದೇ ಪಾತ್ರೆಯಿಂದ ಕುಡಿಸಿದರು. ಪಾದೋದಕದ ಸ್ಥಾನಕ್ಕೆ ಈ ಅಮೃತವು ಬಂದಿತು. ಬಳಿಕ ಗುರುಗಳು ಆ ಐವರೆದುರಿಗೆ ತಾವೇ ಕೈಜೋಡಿಸಿ ನಿಂತು ಅದೇ ದೀಕ್ಷೆಯನ್ನು ಬೇಡಿ ಪಡೆದರು! ಗುರುವು ಶಿಷ್ಯರಿಂದ, ಅವರೊಳಗೆ ಕ್ಷೌರಿಕನೊಬ್ಬನಿಂದ, ದೀಕ್ಷೆ ಪಡೆದ ಈ ಘಟನೆಯು ಶರಣರ ಸಂತತಿಯವರಾದ ನಮ್ಮನ್ನು ಎಚ್ಚರಿಸಬೇಕಾದುದು. ಶರಣರಿಗಿಂತ ಕಿರಿಯನು ತಾನೆಂದ ಬಸವಣ್ಣನವರ ಭಾವಕ್ಕೆ ಇಷ್ಟು ಹತ್ತಿರದ ದೃಷ್ಟಾಂತವು ಬೇರೊಂದು ನನಗೆ ತೋರದು. ಸಾಹಿಬಸಿಂಹನು ಮುಂದೆ ಚಮಕೌರದ ಕಾಳಗದಲ್ಲಿ ಮಡಿದನು.

ಆ ದೀಕ್ಷೆ ಪಡೆದವರೇ ಖಾಲಸಾ ಎನಿಸಿದರು. ಕತ್ತರಿಸದ ಕೇಶ, ಹಣಿಗೆ, ಉಕ್ಕಿನ ಕಡಗ, ಚಡ್ಡಿ, ಕಿರ್ಪಾಣ ಈ ಐದು ಅವರ ಲಾಂಛನಗಳು. ಕೇಶವನ್ನು ದೇವರು ಕೊಟ್ಟುದೆಂದು ಹಾಗೆಯೇ ಕಾಯುವರು. ಪುರುಷರು ಸಿಂಗ್, ಸ್ತ್ರೀಯರು ಕೌರ್ ಎಂಬ ಹೆಸರು ಧರಿಸುವದು ಕುಲದ ಗುರುತು ಅಳಿಯಲೆಂದು. ಅಳಿಯಿತೇ ಎಂದರೆ, ಪೂರ್ಣವಾಗಿ ಅಳಿಯಲಿಲ್ಲ. ಹರಳಯ್ಯ, ಮಧುವಯ್ಯಗಳ ಬಾಂಧವ್ಯಕ್ಕಾಗಿ ಕಲ್ಯಾಣವೇ ಕ್ಷೋಭೆಗೊಂಡ ಮೇಲೆಯೂ ಒಳಪಂಗಡಗಳನ್ನೆಣಿಸಿ ಹೆಣ್ಣು ಕೊಡುವ ನಾವು ಇದಕ್ಕಾಗಿ ಅವರನ್ನು ಆಕ್ಷೇಪಿಸುವದು ಸಲ್ಲದು.

ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಗೆ ನಮಸ್ಕರಿಸುವ ನಮ್ಮ ತಾಯಂದಿರಿಗೆ ಇನ್ನೊಂದು ಹೆಸರು ಪ್ರಿಯವಾದೀತು. ಮುಕ್ತಸರದ ಯುದ್ಧದಲ್ಲಿ ಕಾದಿದ ವೀರಮಹಿಳೆ ಮಾಯಿ ಭಾಗೋ ತನ್ನ ಕೊನೆಯ ದಿನಗಳನ್ನು ಬೀದರದ ಬಳಿಯ ಜನವಾಡದಲ್ಲಿ ಕಳೆದಳೆಂದು ಸಿಖ್ಖರು ನಂಬುವರು; ಅಲ್ಲಿಯೂ ಗುರುದ್ವಾರವಿದೆ. ಯಾವ ಮತದವರಿಗೂ ಒಳಗೆ ಅಡ್ಡಿಯಿಲ್ಲ. ಕಾಲ್ಮರೆ ಕಳೆದು, ತಲೆಗೆ ವಸ್ತ್ರ ಹೊದ್ದು ಹೋಗಬೇಕು. ತಂಬಾಕು ಅವರಿಗೆ ನಿಷಿದ್ಧವಾದುದರಿಂದ ನಮ್ಮ ಹಿರಿಯರು ಎಲೆಚಂಚಿಯನ್ನು ಮಾತ್ರ ಬಿಡದಿಯಲ್ಲಿಯೇ ಇಟ್ಟು ಹೋಗತಕ್ಕದ್ದು.