ಪಂಪ್‌ಸೆಟ್ ಅಂಗಡಿ ಕಾಪಾಡಿದ ವಾಷಿಂಗ್ ಮೆಷೀನು

ಮಂಡ್ಯ, ಮದ್ದೂರು, ಮಳವಳ್ಳಿ. ಈ ಮೂರರಲ್ಲಿ ಯಾವ ಊರಿನ ಪೇಟೆ ಬೀದಿಗೆ ಹೋದರೂ ಒಂದಾದರೂ ಮೋಟಾರ್ ವೈಂಡಿಂಗ್ ಅಂಗಡಿ ಕಣ್ಣಿಗೆ ಬೀಳುತ್ತೆ. ಬಾಗಿಲ ಮುಂದೆ ಬಿಚ್ಚಿಟ್ಟ ಸಬ್‌ಮರ್ಸಿಬಲ್ ಮೋಟಾರು, ಒಳಗೆ ಮೊಳೆಗೆ ನೇತುಹಾಕಿದ ತಾಮ್ರದ ತಂತಿ ಸುರುಳಿ, ವಾರ್ನಿಷ್ ವಾಸನೆ. ನೋಡಿದ ತಕ್ಷಣ ಇದು ರೈತರ ಅಂಗಡಿ ಅನ್ಸುತ್ತೆ, ನಿಜವೂ ಹೌದು. ಆದರೆ ಒಂದು ನಿಮಿಷ ನಿಂತು ಮೂಲೆ ಕಡೆ ನೋಡಿ. ಪ್ಲಾಸ್ಟಿಕ್ಕು ಹಳದಿ ತಿರುಗಿದ, ಕಂಪನಿ ಹೆಸರು ಅರ್ಧ ಅಳಿಸಿಹೋದ ಹಳೇ ವಾಷಿಂಗ್ ಮೆಷೀನೊಂದು ಬೆನ್ನು ಬಿಚ್ಚಿಕೊಂಡು ಕೂತಿರುತ್ತೆ.

ಹಳೇ ಮೆಷೀನುಗಳನ್ನ ಮನೇಲಿ ಬಿಚ್ಚಿ ಕಟ್ಟೋ ಗೀಳು ನನಗಿದೆ. ಆ ಗೀಳಿನ ದೆಸೆಯಿಂದ ಇಂಥ ಅಂಗಡಿಗಳ ಬೆಂಚಿನ ಮೇಲೆ ಸಾಕಷ್ಟು ಹೊತ್ತು ಕಳೆದಿದೀನಿ. ನಮ್ಮ ಕಡೆ ಇಪ್ಪತ್ತು, ಮೂವತ್ತು ವರ್ಷದ ಮೆಷೀನುಗಳು ಇನ್ನೂ ತಿರುಗ್ತಾ ಇದ್ರೆ ಅದರ ಪುಣ್ಯ ಕಂಪನಿ ಸರ್ವಿಸ್ ಸೆಂಟರಿನದ್ದಲ್ಲ, ಪಂಪ್‌ಸೆಟ್ಟಿನದ್ದು. ಅದು ಹೇಗೆ ಅನ್ನೋದಕ್ಕೆ ನೂರು ವರ್ಷಕ್ಕೂ ಹಿಂದೆ ಹೋಗಬೇಕು.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿ ಧುಮುಕುತ್ತಲ್ಲ, ಅಲ್ಲಿನ ವಿದ್ಯುದಾಗಾರ 1902ರ ಜೂನ್‌ನಲ್ಲಿ ಕೆಲಸ ಶುರು ಮಾಡ್ತು. ದಿವಾನ್ ಶೇಷಾದ್ರಿ ಅಯ್ಯರ್ ಹಿಡಿದ ಹಠ, ಇಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಹಾಕಿದ ಯೋಜನೆ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳು. ಕಾರ್ಯಾರಂಭ ನೋಡೋಕೆ ಶೇಷಾದ್ರಿ ಅಯ್ಯರ್ ಇರಲಿಲ್ಲ, 1901ರಲ್ಲೇ ತೀರಿಕೊಂಡಿದ್ರು. ಹುಟ್ಟಿದ ಕರೆಂಟು ಎಲ್ಲಿಗೆ ಹೋಯ್ತು? ಸುಮಾರು 148 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ. ಆ ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿಗೆ ಬೀದಿ ದೀಪ ಬಂತು. 1911ರಲ್ಲಿ ಕನ್ನಂಬಾಡಿ ಕಟ್ಟೆ ಕೆಲಸ ಶುರುವಾದಾಗ ಅದಕ್ಕಿದ್ದ ಕಾರಣಗಳಲ್ಲಿ ಒಂದು ಶಿವನಸಮುದ್ರದ ಯಂತ್ರಗಳಿಗೆ ಬೇಸಿಗೆಯಲ್ಲೂ ನೀರು ತಪ್ಪಬಾರದು ಅನ್ನೋದು.

ಈ ಲೈನಿನ ಕೆಳಗೇ ಉಳುಮೆ ಮಾಡ್ತಿದ್ದ ಹಳ್ಳಿಗಳಿಗೆ ಮಾತ್ರ ಸೀಮೆಎಣ್ಣೆ ಬುಡ್ಡಿಯೇ ಗತಿ. 1957ರಲ್ಲಿ ವಿದ್ಯುತ್ ಮಂಡಳಿ ಹುಟ್ಟಿತು. ಅದೇ ನಮ್ಮ ಬಾಯಲ್ಲಿ ಕೆಇಬಿ. ಈಗ ಮಂಡ್ಯ ಜಿಲ್ಲೆಗೆ ಕರೆಂಟು ಕೊಡೋದು ಚೆಸ್ಕಾಂ, ಆದರೂ ನಮ್ಮೋರು ಫೋನ್ ಮಾಡಿ ಬೈಯೋದು ಕೆಇಬಿಯವರನ್ನೇ. ಬಡವರ ಮನೆಗೆ ಒಂದು ಬಲ್ಬು ಅನ್ನೋ ಭಾಗ್ಯಜ್ಯೋತಿ ಬಂದಾಗ 1979 ಆಗಿತ್ತು. ಅಂದ್ರೆ ಗಣಿಗೆ ಕರೆಂಟು ಹೋದ 77 ವರ್ಷಕ್ಕೆ.

ಮನೆಗಿಂತ ಮುಂಚೆ ಕರೆಂಟು ಗಟ್ಟಿಯಾಗಿ ಕಾಲಿಟ್ಟಿದ್ದು ಗದ್ದೆಗೆ. ವಿಶ್ವೇಶ್ವರಯ್ಯ ನಾಲೆ ಮಂಡ್ಯ, ಮದ್ದೂರು, ಮಳವಳ್ಳಿ ಮೂರನ್ನೂ ಮುಟ್ಟುತ್ತೆ. ಆದರೆ ನಾಲೆಯ ಕೊನೆ ಭಾಗಕ್ಕೆ ನೀರು ತಲುಪೋದು ಪ್ರತಿ ವರ್ಷದ ಜಗಳ. ನೀರು ಬರದ ಕಡೆ ಮೊದಲು ತೆರೆದ ಬಾವಿ, ಆಮೇಲೆ ಬೋರ್‌ವೆಲ್. ಬಾವಿ ಇದ್ದ ಮೇಲೆ ಪಂಪು, ಪಂಪು ಇದ್ದ ಮೇಲೆ ಮೋಟಾರು. ಒಂದೇ ಟ್ರಾನ್ಸ್‌ಫಾರ್ಮರಿಗೆ ಹತ್ತಾರು ಮೋಟಾರು ಒಟ್ಟಿಗೇ ಆನ್ ಆದ್ರೆ ವೋಲ್ಟೇಜು ಕುಸಿಯುತ್ತೆ. ಮೋಟಾರು ಎಳೆಯೋಕಾಗದೆ ಜಾಸ್ತಿ ಕರೆಂಟು ಹೀರುತ್ತೆ, ಬಿಸಿಯಾಗುತ್ತೆ, ವೈಂಡಿಂಗು ಸುಡುತ್ತೆ. ಮೂರು ಫೇಸಿನಲ್ಲಿ ಒಂದು ಹೋದ್ರಂತೂ ಕೇಳೋದೇ ಬೇಡ. ಕಬ್ಬು ಒಣಗ್ತಾ ಇರುವಾಗ ರೈತನಿಗೆ ಕಂಪನಿ ಮೆಕ್ಯಾನಿಕ್ಕಿಗೆ ಕಾಯೋ ಪುರುಸೊತ್ತು ಎಲ್ಲಿ? ಹೀಗೆ ಪೇಟೆ ಪೇಟೆಯಲ್ಲೂ ವೈಂಡಿಂಗ್ ಅಂಗಡಿ ಹುಟ್ಟಿಕೊಂಡವು.

ಆ ಕೆಲಸ ಹತ್ತಿರದಿಂದ ನೋಡಿದ್ರೆ ನಮ್ಮ ವೃತ್ತಿಯವರಿಗೆ ಹೊಟ್ಟೆಕಿಚ್ಚಾಗಬೇಕು. ಸುಟ್ಟ ಮೋಟಾರು ಬರುತ್ತೆ, ಜೊತೆಗೆ ಡ್ರಾಯಿಂಗೂ ಇಲ್ಲ, ಮ್ಯಾನ್ಯುಯಲ್ಲೂ ಇಲ್ಲ. ವೈಂಡರು ಹಳೇ ಕಾಯಿಲು ಕತ್ತರಿಸೋ ಮುಂಚೆ ಯಾವ ಗಾಡಿಯಿಂದ ಯಾವ ಗಾಡಿಗೆ ತಂತಿ ಹೋಗಿದೆ ಅಂತ ಬರೆದುಕೊಳ್ತಾನೆ. ಸುತ್ತು ಎಣಿಸ್ತಾನೆ. ಗೇಜ್ ಹಿಡಿದು ತಂತಿ ದಪ್ಪ ಅಳೀತಾನೆ. ಗಾಡಿಗೆ ಹೊಸ ಕಾಗದ ಹಾಕಿ, ಮರದ ಅಚ್ಚಿನ ಮೇಲೆ ಹೊಸ ಕಾಯಿಲು ಸುತ್ತಿ, ಒಂದೊಂದೇ ಎಳೆ ಒಳಗೆ ಕೂರಿಸಿ, ದಾರದಲ್ಲಿ ಬಿಗಿದು, ವಾರ್ನಿಷ್ ಬಿಟ್ಟು ಒಣಗಿಸ್ತಾನೆ. ಬರೆದುಕೊಂಡ ಲೆಕ್ಕ ಒಂದು ನೋಟ್‌ಬುಕ್ ಸೇರುತ್ತೆ. ಎಣ್ಣೆ ಕೈ ಮುಟ್ಟಿ ಮುಟ್ಟಿ ಅಂಚು ಕಪ್ಪಾದ ನೋಟ್‌ಬುಕ್. ಇಂಥ ಕಂಪನಿ, ಇಷ್ಟು ಎಚ್‌ಪಿ, ಇಷ್ಟು ಗಾಡಿ, ಇಷ್ಟು ಸುತ್ತು, ಇಂಥ ಗೇಜು. ನಾವು ರಿವರ್ಸ್ ಇಂಜಿನಿಯರಿಂಗ್ ಅಂತ ದೊಡ್ಡ ಹೆಸರಿಟ್ಟುಕೊಂಡಿರೋದು ಇದನ್ನೇ.

ಈಗ ಬಟ್ಟೆ ಕಡೆಗೆ ಬರೋಣ. ಮೆಷೀನಿಗೆ ಮುಂಚೆ ಬಟ್ಟೆ ಒಗೀತಿದ್ದೋರು ಯಾರು? ಹಳ್ಳಿಯ ಆಯಗಾರರಲ್ಲಿ ಅಗಸರೂ ಒಬ್ಬರು. ವರ್ಷವಿಡೀ ಊರ ಬಟ್ಟೆ ಒಗೆದು ಸುಗ್ಗಿಯಲ್ಲಿ ಕಣದಲ್ಲಿ ಧಾನ್ಯ ಪಡೀತಿದ್ರು. ಹನ್ನೆರಡನೇ ಶತಮಾನದ ಶರಣ ಮಡಿವಾಳ ಮಾಚಿದೇವರ ಕುಲಕಸುಬು ಅದು. ಅದರೊಳಗೂ ಒಂದು ತಂತ್ರಜ್ಞಾನ ಇತ್ತು. ಚೌಳು ಮಣ್ಣಿನ ನೀರಲ್ಲಿ ಬಟ್ಟೆ ಅದ್ದಿ, ದೊಡ್ಡ ಹರವಿಯ ಮೇಲೆ ಪೇರಿಸಿ, ಕೆಳಗೆ ಬೆಂಕಿ ಹಾಕಿ ಆವಿಯಲ್ಲಿ ಬೇಯಿಸೋದು. ಅದಕ್ಕೆ ಉಬ್ಬೆ ಅಂತ ಹೆಸರು. ಚೌಳಿನ ಕ್ಷಾರ ಜಿಡ್ಡು ಬಿಡಿಸುತ್ತೆ, ಆವಿ ಹೇನು ಕೂರೆ ಕೊಲ್ಲುತ್ತೆ. ಇವತ್ತಿನ ಫ್ರಂಟ್ ಲೋಡ್ ಮೆಷೀನಿನಲ್ಲಿ ಸ್ಟೀಮ್ ಅಂತ ಬಟನ್ ಕೊಟ್ಟು ದುಡ್ಡು ಕೀಳ್ತಾರಲ್ಲ, ಅದರ ಹಳ್ಳಿ ಅವತಾರ. ಆದರೆ ಊರಿಗೆಲ್ಲ ಮಡಿ ಮಾಡಿಕೊಟ್ಟವರನ್ನೇ ಊರು ಹೊಸಿಲಾಚೆ ನಿಲ್ಲಿಸ್ತಿತ್ತು ಅನ್ನೋದನ್ನೂ ಮರೆಯೋ ಹಾಗಿಲ್ಲ. ಅವರ ಮಕ್ಕಳು ಓದಿ ಬೇರೆ ಕೆಲಸ ಹಿಡಿದರು, ಹಿಡೀಲೇಬೇಕಿತ್ತು. ಆಗ ಆ ಭಾರ ಪೂರ್ತಿ ಬಿದ್ದಿದ್ದು ಮನೆ ಹೆಂಗಸರ ಬೆನ್ನಿನ ಮೇಲೆ. ನಾಲೆ ಸೋಪಾನ, ಒಗೆಯೋ ಕಲ್ಲು, ಕೆಸರು ಮೆತ್ತಿದ ಪಂಚೆ, ಮಂಡಿ ನೋವು.

ಎಂಬತ್ತರ ದಶಕದ ಕೊನೆಗೆ ಟಿವಿಯಲ್ಲಿ ವಾಷಿಂಗ್ ಮೆಷೀನಿನ ಜಾಹೀರಾತು ಬಂತು. ವಿಡಿಯೋಕಾನ್ ಜಪಾನಿನ ಮತ್ಸುಶಿತಾ ಜೊತೆ, ಬೆಂಗಳೂರಿನ ಬಿಪಿಎಲ್ ಸಾನ್ಯೋ ಜೊತೆ, ಟಿವಿಎಸ್ ಅಮೆರಿಕದ ವರ್ಲ್‌ಪೂಲ್ ಜೊತೆ ಕೈ ಜೋಡಿಸಿದ್ದ ಕಾಲ. ಐಎಫ್‌ಬಿ, ಬಾಷ್ ತಂತ್ರಜ್ಞಾನದಲ್ಲಿ ಫ್ರಂಟ್ ಲೋಡ್ ತಂತು. ಆದರೆ ನಮ್ಮ ಕಡೆ ಮೇಷ್ಟ್ರ ಮನೆ, ಬ್ಯಾಂಕಿನವರ ಮನೆ ಹೊಕ್ಕಿದ್ದು ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ಕು. ಒಂದು ಕಡೆ ಒಗೆಯೋ ತೊಟ್ಟಿ, ಪಕ್ಕದಲ್ಲಿ ಹಿಂಡೋ ತೊಟ್ಟಿ. ಹಿಂಡೋದಕ್ಕೇ ನಾವು ಡ್ರೈಯರ್ ಅಂತ ಕರೆದುಬಿಟ್ವಿ. ಅಮೆರಿಕದಲ್ಲಿ ಡ್ರೈಯರ್ ಅಂದ್ರೆ ಬಿಸಿಗಾಳಿ ಊದಿ ಒಣಗಿಸೋ ಬೇರೆಯದೇ ಡಬ್ಬ. ಮಂಡ್ಯದ ಬಿಸಿಲಿರುವಾಗ ಅದು ಯಾರಿಗೆ ಬೇಕು?

ಈ ಮೆಷೀನಿನ ತಳದಲ್ಲಿ ತಿರುಗೋ ತಟ್ಟೆ ಇದೆಯಲ್ಲ, ಪಲ್ಸೇಟರ್, ಅದರದ್ದೂ ಒಂದು ವಂಶಾವಳಿ ಇದೆ. ಬ್ರಿಟನ್ನಿನ ಹೂವರ್ ಕಂಪನಿ 1948ರಲ್ಲಿ ತೊಟ್ಟಿಯ ಪಕ್ಕದ ಗೋಡೆಗೆ ತಟ್ಟೆ ಕೂರಿಸಿದ ಚಿಕ್ಕ ಮೆಷೀನು ತಂತು. ಅದೇ ಜಾಡಿನಲ್ಲಿ 1953ರಲ್ಲಿ ಸಾನ್ಯೋ ಜಪಾನಿನ ಇಕ್ಕಟ್ಟು ಮನೆಗಳಿಗೆ ಕಡಿಮೆ ಬೆಲೆಯ ಮೆಷೀನು ಮಾಡ್ತು. ಅರವತ್ತರ ದಶಕದಲ್ಲಿ ಅಲ್ಲಿ ಎರಡು ತೊಟ್ಟಿ ಮನೆಮಾತಾಯ್ತು. ಗೇರಿಲ್ಲ, ಪಂಪಿಲ್ಲ, ಬಿಸಿ ಮಾಡೋ ಕಾಯಿಲ್ಲಿಲ್ಲ. ಹಾಗೆ ನೋಡಿದ್ರೆ ಅರ್ಧ ಮೆಷೀನು.

ಆ ಅರ್ಧತನವೇ ನಮಗೆ ಸರಿಹೋಯ್ತು. ಪೂರ್ತಿ ಆಟೊಮ್ಯಾಟಿಕ್ಕಿಗೆ ನಲ್ಲಿಯಲ್ಲಿ ನೀರಿನ ಒತ್ತಡ ಬೇಕು, ಕರೆಂಟು ಹೋಗದೆ ಇರಬೇಕು. ಎರಡು ತೊಟ್ಟಿಯದ್ದಕ್ಕೆ ಬಿಂದಿಗೆಯಲ್ಲಿ ಸುರಿದ್ರೂ ಆಯ್ತು. ಒಂದೇ ಸೋಪಿನ ನೀರಲ್ಲಿ ಮೊದಲು ಬಿಳಿ ಬಟ್ಟೆ, ಆಮೇಲೆ ಬಣ್ಣದ್ದು, ಕೊನೆಗೆ ಗದ್ದೆ ಬಟ್ಟೆ ತೆಗೀಬಹುದು. ಟೈಮರು ಗಡಿಯಾರದ ಹಾಗೆ ಸ್ಪ್ರಿಂಗಿನದ್ದು. ಕರೆಂಟು ಹೋದ್ರೂ ಅದು ಪಾಡಿಗೆ ಟಿಕ್ ಟಿಕ್ ಅಂತ ಓಡಿ ಮುಗಿಯುತ್ತೆ, ಕರೆಂಟು ಬಂದಾಗ ಮತ್ತೆ ತಿರುವಿದ್ರೆ ಆಯ್ತು.

ಕರೆಂಟು ಇದ್ದೂ ವೋಲ್ಟೇಜು ಇಲ್ಲದಿದ್ರೆ ಏನಾಗುತ್ತೆ ಅನ್ನೋದು ಇನ್ನೊಂದು ಕತೆ. ಇಂಥ ಮೋಟಾರಿನ ಎಳೆಯೋ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕ ಹಾಗೆ ಇಳಿಯುತ್ತೆ. 230 ಇರಬೇಕಾದ್ದು 180ಕ್ಕೆ ಬಂದ್ರೆ ಬಲ ಸುಮಾರು 61 ಪರ್ಸೆಂಟ್ ಮಾತ್ರ. ಒದ್ದೆ ಬೆಡ್‌ಶೀಟು ತುಂಬಿದ ಮೆಷೀನು ಗುಂಯ್ ಅಂತ ನಿಂತಲ್ಲೇ ನಿಂತು ಬಿಸಿಯಾಗುತ್ತೆ. ಪಂಪ್‌ಸೆಟ್ಟು ಸುಟ್ಟ ಅದೇ ಕಾಯಿಲೆ. ಹಾಗಾಗಿ ಅದೇ ಡಾಕ್ಟರ ಹತ್ರ ಹೊತ್ಕೊಂಡು ಹೋದ್ರು.

ಡಾಕ್ಟರಿಗೆ ಇದು ಕಷ್ಟದ ಕೇಸೇ ಅಲ್ಲ. ಐದು ಎಚ್‌ಪಿ ಮೋಟಾರು ಸುತ್ತಿದ ಕೈಗೆ ಇದು ಆಟಿಕೆ. ಒಗೆಯೋ ಮೋಟಾರು ಎಡಕ್ಕೂ ಬಲಕ್ಕೂ ತಿರುಗಬೇಕಾದ್ದರಿಂದ ಅದರ ಎರಡೂ ವೈಂಡಿಂಗು ಒಂದೇ ಸಮ. ಟೈಮರು ಕೆಪ್ಯಾಸಿಟರನ್ನ ಒಮ್ಮೆ ಇದಕ್ಕೆ, ಒಮ್ಮೆ ಅದಕ್ಕೆ ಸೇರಿಸುತ್ತೆ, ಅಷ್ಟೇ. ಆಮೇಲಾಮೇಲೆ ಕಡಿಮೆ ಬೆಲೆಯ ಮೆಷೀನುಗಳಲ್ಲಿ ಅಲ್ಯೂಮಿನಿಯಂ ತಂತಿ ಬರೋಕೆ ಶುರುವಾಯ್ತು. ಅದು ಸುಟ್ಟು ಬಂದ್ರೆ ವೈಂಡರು ತಾಮ್ರದಲ್ಲಿ ಸುತ್ತಿ ಕಳಿಸ್ತಾನೆ. ರಿಪೇರಿಯಾಗಿ ಬಂದ ಮೋಟಾರು ಕಾರ್ಖಾನೆಯಿಂದ ಬಂದದ್ದಕ್ಕಿಂತ ಗಟ್ಟಿ ಇರೋದು ಹೀಗೆ.

ಮನೇಲೇ ಕೈ ಹಾಕೋರಿಗೆ ಒಂದೆರಡು ಮಾತು. ಮೆಷೀನು ಗುಂಯ್ ಅಂದು ತಿರುಗದಿದ್ರೆ ನೂರಕ್ಕೆ ನೂರು ಮೋಟಾರು ಸುಟ್ಟಿದೆ ಅಂತ ತೀರ್ಮಾನ ಮಾಡಬೇಡಿ. ಮೊದಲು ಪ್ಲಗ್ ಕೀಳಿ, ಕೆಪ್ಯಾಸಿಟರಿನ ಚಾರ್ಜು ಇಳಿಸಿ. ಅದು ನೂರಿನ್ನೂರು ರೂಪಾಯಿಯ ವಸ್ತು, ಅದರ ಶಕ್ತಿ ಕುಗ್ಗಿದ್ರೂ ಇದೇ ಲಕ್ಷಣ. ಬೆಲ್ಟು ಸಡಿಲವಾಗಿದೆಯಾ ನೋಡಿ. ಹಿಂಡೋ ತೊಟ್ಟಿ ಕಿರುಚಿದ್ರೆ ಮುಚ್ಚಳಕ್ಕೆ ಕಟ್ಟಿದ ಬ್ರೇಕ್ ವೈರು ನೋಡಿ. ಮುಚ್ಚಳ ತೆಗೆದ ಕೂಡಲೇ ತೊಟ್ಟಿ ನಿಲ್ಲಬೇಕು, ಆ ಬ್ರೇಕು ಕೆಟ್ಟಿದ್ರೆ ಮಕ್ಕಳಿರೋ ಮನೇಲಿ ಬಳಸಲೇಬೇಡಿ. ಅಡಿಯಿಂದ ನೀರು ಸೋರಿದ್ರೆ ಶಾಫ್ಟಿನ ಸೀಲು ಹೋಗಿದೆ, ತಡ ಮಾಡಿದ್ರೆ ಆ ನೀರು ಮೋಟಾರಿಗೇ ಇಳಿಯುತ್ತೆ. ಬೋರ್ ನೀರಿನ ಬಿಳಿ ಪೊರೆಗೆ ನಿಂಬೆ ಉಪ್ಪಿನ ನೀರು ಸಾಕು. ಇನ್ನು ತಂತಿ ಕಡಿಯೋ ಇಲಿ, ಅದಕ್ಕೆ ತಳದಲ್ಲಿ ಜಾಲರಿ ಬಡೀಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿದ್ರೆ ಟೈಮರು, ಸೀಲು, ಬ್ರೇಕ್ ಕಟ್ಟೆ ಸಿಗುತ್ತೆ. ಎಷ್ಟೋ ಮಾಡೆಲ್ಲುಗಳು ಒಂದೇ ನಕ್ಷೆಯ ಮಕ್ಕಳಾದ್ದರಿಂದ ಒಬ್ಬರ ಭಾಗ ಇನ್ನೊಬ್ಬರಿಗೆ ಕೂರುತ್ತೆ. ವಿಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯ್ತು, ಆದರೆ ಅದರ ಮೆಷೀನು ಈಗಲೂ ನಮ್ಮೂರ ಜಗಲಿಗಳಲ್ಲಿ ತಿರುಗ್ತಿದೆ.

ಆದರೆ ಈ ಕತೆ ಇಲ್ಲಿಗೇ ಮುಗಿಯೋ ಸೂಚನೆ ಕಾಣ್ತಿದೆ. ಈಗಿನ ಇನ್ವರ್ಟರ್ ಮೆಷೀನುಗಳ ಮೋಟಾರು ಸುಡೋದು ಕಮ್ಮಿ, ಕೈ ಕೊಡೋದು ಅದನ್ನ ಆಳೋ ಬೋರ್ಡು. ಆ ಬೋರ್ಡನ್ನ ನೀರು ತಾಗದಿರಲಿ ಅಂತ ಗಟ್ಟಿ ಅಂಟಿನಲ್ಲಿ ಮುಳುಗಿಸಿರ್ತಾರೆ. ನೀರೂ ತಾಗಲ್ಲ, ಮೆಕ್ಯಾನಿಕ್ಕಿನ ಕೈಯೂ ತಾಗಲ್ಲ. ಒಳಗಿರೋ ಪ್ರೋಗ್ರಾಮು ನಮ್ಮಂಥವರೇ ಬರೆದದ್ದು, ಅದನ್ನ ಓದೋ ದಾರಿ ವೈಂಡರಿಗಿಲ್ಲ. ಸುತ್ತು ಎಣಿಸಿ ತಿಳಿಯೋ ವಿದ್ಯೆ ಅಲ್ಲಿ ನಡೆಯಲ್ಲ. ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿಗೆ ಅಂತ ಒಂದು ಪೋರ್ಟಲ್ ತೆರೆದಿದೆ, ಒಳ್ಳೇದೇ. ಆದರೆ ಹಕ್ಕು ಚಲಾಯಿಸೋಕೆ ಕೈಗಳು ಬೇಕಲ್ಲ. ಅಂಗಡಿಯ ಅಜ್ಜನ ಪಕ್ಕ ಕೂತು ಕಾಯಿಲು ಸುತ್ತೋದು ಕಲಿಯೋ ಹುಡುಗರು ಕಡಿಮೆಯಾಗ್ತಿದಾರೆ. ಅಂಗಡಿ ಮುಚ್ಚಿದ ದಿನ ನೋಟ್‌ಬುಕ್ಕು ರದ್ದಿಗೆ ಹೋಗುತ್ತೆ.

ನಮ್ಮ ತಾಲ್ಲೂಕಿನ ಕರೆಂಟಿನ ಇತಿಹಾಸ ಅಂದ್ರೆ ದಿವಾನರ ಹೆಸರು, ಅಣೆಕಟ್ಟೆಯ ಎತ್ತರ, ಮೆಗಾವ್ಯಾಟ್ ಲೆಕ್ಕ. ಅದೆಲ್ಲ ಪುಸ್ತಕದಲ್ಲಿದೆ. ಆ ಕರೆಂಟು ಹಳ್ಳಿಗೆ ಬಂದ ಮೇಲೆ ಏನೇನು ಸುಟ್ಟಿತು, ಯಾರು ಅದನ್ನ ಮತ್ತೆ ತಿರುಗಿಸಿದರು ಅನ್ನೋದು ಇರೋದು ಆ ಎಣ್ಣೆ ನೋಟ್‌ಬುಕ್ಕುಗಳಲ್ಲಿ ಮಾತ್ರ. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ಬಸ್‌ಸ್ಟ್ಯಾಂಡ್ ಪಕ್ಕದ ವೈಂಡಿಂಗ್ ಅಂಗಡಿಗೆ ಒಂದು ಸಲ ಹೋಗಿ. ಟೀ ಹೇಳಿ, ಪಕ್ಕ ಕೂತು ಮಾತಾಡಿ. ಯಜಮಾನರು ಒಪ್ಪಿದ್ರೆ ಆ ನೋಟ್‌ಬುಕ್ಕಿನ ಪುಟಗಳ ಫೋಟೋ ತೆಗೆದು, ಅವರ ಹೆಸರಿನಲ್ಲೇ ಒಂದು ಕಡೆ ಜೋಡಿಸಿಡಿ. ಮೊಬೈಲ್ ಎಲ್ಲರ ಕೈಯಲ್ಲೂ ಇದೆ. ಒಂದು ಮಧ್ಯಾಹ್ನದ ಕೆಲಸ.